ತಾಳಮದ್ದಳೆ ಕೂಟಕ್ಕೆ ಎಂಟು ಮೈಕಿನ ಆಡಿಯೊ ಇಂಟರ್‌ಫೇಸ್: ಯಾವುದು ತಗೊಳ್ಳಲಿ?

ಉಪ್ಪರಿಗೆ ಮದ್ದಳೆ

ಎಲ್ಲರಿಗೂ ನಮಸ್ಕಾರ. ಊರು ಪುತ್ತೂರಿನ ಹತ್ತಿರ. ಪತ್ತನಾಜೆಗೆ (ಮೇ ಕೊನೆಗೆ) ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸಿದ ಮೇಲೆ ದೀಪಾವಳಿವರೆಗೆ ನಮ್ಮಲ್ಲಿ ತಾಳಮದ್ದಳೆ ಕೂಟ ನಡೀತಾ ಇರ್ತದೆ, ಹೆಚ್ಚಾಗಿ ನಮ್ಮ ಮನೆಯ ಉಪ್ಪರಿಗೆಯಲ್ಲೇ. ಅದನ್ನು ಸರಿಯಾಗಿ ರೆಕಾರ್ಡ್ ಮಾಡಿಡುವ ಹುಚ್ಚು ನನಗೆ. ವ್ಯಾಪಾರ ಏನಿಲ್ಲ, ಹವ್ಯಾಸ ಅಷ್ಟೆ.

ಈಗ ಇರುವುದು ಸ್ಕಾರ್ಲೆಟ್ 2ಐ2 (ಎರಡು ಮೈಕನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಇಂಟರ್‌ಫೇಸ್ ಡಬ್ಬಿ), ಎರಡು ಮೈಕ್, ವಿಂಡೋಸ್ ಲ್ಯಾಪ್‌ಟಾಪ್, ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್. ಪದ್ಯ ನಡೆಯುವಾಗ ಚೆಂಡೆ ಭಾಗವತರ ಸ್ವರವನ್ನು ನುಂಗುತ್ತದೆ. ಅರ್ಥಕ್ಕೆ (ಪದ್ಯದ ಮೇಲಿನ ಮಾತಿಗೆ) ಬಂದರೆ ಮೈಕಿಗೆ ದೂರ ಕೂತವರು ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳ್ತದೆ. ಪ್ರತಿಯೊಬ್ಬರಿಗೂ ಬೇರೆ ಮೈಕ್, ಬೇರೆ ಟ್ರ್ಯಾಕ್ ಬೇಕು ಅಂತ ತೀರ್ಮಾನಕ್ಕೆ ಬಂದೆ.

ಬಜೆಟ್ 60,000 ರೂ., ಒಟ್ಟಿಗೆ ಇನ್ನೆರಡು ಮೂರು ಮೈಕೂ ಆದರೆ ಒಳ್ಳೆಯದು. ಅಂಗಡಿಯವರು "18 ಇನ್‌ಪುಟ್ ಉಂಟು, ಜೀವಮಾನಕ್ಕೆ ಸಾಕು" ಅಂತ ಒಂದು ತೋರಿಸಿದರು, ಹಿಂದೆ ತಿರುಗಿಸಿ ನೋಡಿದರೆ ಮೈಕ್ ಚುಚ್ಚುವ ತೂತು ಎಂಟೇ. ಉಳಿದ ಹತ್ತು ಎಲ್ಲಿ ಹೋಯಿತು? ಇನ್ನೊಂದು ಪ್ರಶ್ನೆ: ಇನ್ನೂ ಮೂರು 2ಐ2 ತಗೊಂಡು ನಾಲ್ಕನ್ನೂ ಒಟ್ಟಿಗೆ ಓಡಿಸಿದರೆ ಆಗುವುದಿಲ್ಲವೋ? ಹಳೆಯದು ಕಡಿಮೆಗೆ ಸಿಗ್ತದೆ.

ಧಾರವಾಡ ತಬಲಾ

ನಮಸ್ಕಾರ್ರಿ. ಆ ಹತ್ತು ಎಲ್ಲೂ ಹೋಗಿಲ್ರಿ, ಹಿಂದಿನ ಒಂದೆರಡು ಸಣ್ಣ ಕಿಂಡಿಯೊಳಗ ಅದಾವ. ಎಂಟು ಚಾನೆಲ್ ಎಡ್ಯಾಟ್ ಅನ್ನೋ ಆಪ್ಟಿಕಲ್ ಕಿಂಡಿಯಿಂದ, ಎರಡು ಎಸ್‌ಪಿಡಿಐಎಫ್ ಅನ್ನೋ ಇನ್ನೊಂದು ಡಿಜಿಟಲ್ ಕಿಂಡಿಯಿಂದ. ಎಂಟು, ಎಂಟು, ಎರಡು ಕೂಡಿಸಿ 18 ಅಂತ ಡಬ್ಬಿ ಮ್ಯಾಲ ಬರೀತಾರ. ಎಡ್ಯಾಟ್‌ಗೆ ಇನ್ನೊಂದು ಪ್ರೀಆಂಪ್ (ಮೈಕಿನ ಸಣ್ಣ ಸಿಗ್ನಲ್ ಏರಿಸೋ) ಡಬ್ಬಿ ಜೋಡಿಸೋತನಕ ಆ ಎಂಟೂ ಖಾಲಿ. ಹಂಗಾಗಿ ಡಬ್ಬಿ ಮ್ಯಾಲಿನ ಸಂಖ್ಯಾ ಬಿಟ್ಟು "ಮೈಕ್ ಪ್ರೀಆಂಪ್ ಎಷ್ಟು" ಅಂತ ಅಷ್ಟ ಕೇಳ್ರಿ. ಮೋಟು ಎಂ4 ಅಂದ್ರ ನಾಲ್ಕು ಮೈಕ್ ಅಂತ ನಮ್ಮ ಹುಡುಗರು ತಿಳ್ಕೊಂಡಿರ್ತಾರ. ಅದರಾಗ ಮೈಕಿಗೆ ಇರೋದು ಎರಡ, ಉಳಿದ ಎರಡು ಲೈನ್, ಅಂದ್ರ ಮೈಕ್ ಅಲ್ಲದ ಸಾಧನಕ್ಕ.

ಅದಕ್ಕೂ ಮೊದಲ ಒಂದು ಲೆಕ್ಕ ಹಾಕ್ರಿ. ಒಂದ ಸಲಕ್ಕ, ಒಂದ ಹೊತ್ತಿನಾಗ, ಎಷ್ಟು ಮೈಕ್ ತೆರೆದಿರಬೇಕು? ಒಬ್ಬರ ಮ್ಯಾಲ ಒಬ್ಬರು ಟ್ರ್ಯಾಕ್ ಹಾಕ್ಕೋತ ಹೋಗೋ ಸುಗಮ ಸಂಗೀತದವರಿಗೆ ಎರಡು ಚಾನೆಲ್ ಧಾರಾಳ ಆತು. ನಿಮ್ಮದು ಹಂಗಲ್ಲ.

ಉಪ್ಪರಿಗೆ ಮದ್ದಳೆ

ಲೆಕ್ಕ ಹೀಗುಂಟು: ಭಾಗವತರು 1, ಚೆಂಡೆ 1, ಮದ್ದಳೆಗೆ ಎಡ ಬಲ 2, ಅರ್ಥಧಾರಿಗಳು 4. ಅಲ್ಲಿಗೇ ಎಂಟು. ಶ್ರುತಿಪೆಟ್ಟಿಗೆ ಇಲೆಕ್ಟ್ರಾನಿಕ್, ಅದರ ಲೈನ್ ಔಟ್ ಬೇರೆ. ಚಕ್ರತಾಳಕ್ಕೆ ಮೈಕೇ ಬೇಡ, ಎಲ್ಲ ಮೈಕಿನಲ್ಲೂ ಅದು ಇದ್ದೇ ಇರ್ತದೆ!

ಸೋಲ್ಡರ್ ಶೆಟ್ಟಿ

ನಾಲ್ಕು 2ಐ2ರ ಯೋಚನೆ ಇಲ್ಲಿಗೇ ಬಿಡಿ ಮಾರಾಯ್ರೆ. ಮೊದಲನೆಯದಾಗಿ ವಿಂಡೋಸ್‌ನಲ್ಲಿ ರೀಪರ್ ಒಂದು ಹೊತ್ತಿಗೆ ಒಂದೇ ಅಸಿಯೊ ಡ್ರೈವರ್ (ಇಂಟರ್‌ಫೇಸನ್ನು ನಡೆಸುವ ಸಾಫ್ಟ್‌ವೇರ್) ತೆರೆಯುತ್ತದೆ. ಅಸಿಯೊ4ಆಲ್ ಹಾಕಿ ಎರಡನ್ನು ಹೇಗೋ ಒಟ್ಟು ಮಾಡಿದಿರಿ ಅಂತಿಟ್ಟುಕೊಳ್ಳಿ, ಆಗ ಗಡಿಯಾರದ ತಕರಾರು ಶುರು. ಪ್ರತಿ ಡಬ್ಬಿಯೊಳಗೂ ಒಂದೊಂದು ಕ್ರಿಸ್ಟಲ್ ಉಂಟು. ಎಲ್ಲವೂ ಸೆಕೆಂಡಿಗೆ 48,000 ಸಲ ದನಿ ಅಳೆಯುತ್ತೇನೆ ಅಂತ ಹೇಳಿಕೊಂಡರೂ ಒಂದಕ್ಕೊಂದು ಕೂದಲೆಳೆ ಹೆಚ್ಚುಕಮ್ಮಿ ಓಡ್ತದೆ. ವ್ಯತ್ಯಾಸ ಹತ್ತು ಲಕ್ಷಕ್ಕೆ ಬರೇ 20 ಭಾಗ ಅಂತ ಹಿಡಿದರೂ ಗಂಟೆಗೆ 72 ಮಿಲಿಸೆಕೆಂಡ್ ಜಾರ್ತದೆ. ನಿಮ್ಮ ಕೂಟ ಮೂರು ಗಂಟೆ ಹೋದರೆ 216. ಕೊನೆಯ ಪದ್ಯಕ್ಕೆ ಬರುವಾಗ ಮದ್ದಳೆಯ ಪೆಟ್ಟು ಒಂದು ಕಡೆ, ಭಾಗವತರ ಮೈಕಿನಲ್ಲಿ ಸೋರಿಬಂದ ಅದೇ ಪೆಟ್ಟು ಇನ್ನೊಂದು ಕಡೆ. ಮ್ಯಾಕ್‌ನಲ್ಲಿ ಅಗ್ರಿಗೇಟ್ ಡಿವೈಸ್ ಅಂತ ಮಾಡಿ ಡ್ರಿಫ್ಟ್ ಸರಿಪಡಿಸುವ ಸೌಕರ್ಯ ಉಂಟು, ಅದೂ ಅನಿವಾರ್ಯವಾದಾಗ ಮಾತ್ರ.

2ಐ2ಗೆ ಎಡ್ಯಾಟ್ ಕಿಂಡಿಯೂ ಇಲ್ಲ, ಆದ್ದರಿಂದ ಬೆಳೆಸಲಿಕ್ಕೆ ದಾರಿಯೇ ಇಲ್ಲ. ಅದನ್ನು ಮಾರಬೇಡಿ ಆದರೆ. ಎಡಿಟಿಂಗ್ ಮಾಡುವಾಗ ಹೆಡ್‌ಫೋನಿಗೆ ಚೆನ್ನಾಗಿದೆ.

ರಾತ್ರಿಪಾಳಿ

ನನ್ನ ಮಟ್ಟಿಗೆ ಎಂಟು ಪ್ರೀಆಂಪಿನ ಸಾಲಿನಲ್ಲಿ ನೋಡಬೇಕಾದ್ದು ಇವು: ಬೆಹ್ರಿಂಗರ್ ಯುಎಂಸಿ1820, ಪ್ರಿಸೋನಸ್ ಸ್ಟುಡಿಯೊ 1824ಸಿ, ಫೋಕಸ್‌ರೈಟ್ ಸ್ಕಾರ್ಲೆಟ್ 18ಐ20, ಆಡಿಯೆಂಟ್ ಇವೊ 16. ಟ್ಯಾಸ್ಕ್ಯಾಮ್ ಯುಎಸ್-16x08 ಕೂಡ ಇದೆ, ಎಂಟು ಮೈಕ್ ಜೊತೆಗೆ ಎಂಟು ಲೈನ್ ಇನ್‌ಪುಟ್ ಅದರಲ್ಲೇ ಬರುತ್ತೆ. ಶ್ರುತಿಪೆಟ್ಟಿಗೆಗೆ ಅದು ಸರಿಹೋಗುತ್ತೆ, ಆದರೆ ಎಡ್ಯಾಟ್ ಇಲ್ಲ.

ಇವೊ 16ರ ಒಂದು ವಿಶೇಷ ನಿಮಗೆ ಹೊಂದಬಹುದು. ಸ್ಮಾರ್ಟ್‌ಗೇನ್ ಅಂತ ಒಂದು ಬಟನ್. ಒತ್ತಿ ಎಲ್ಲರಿಗೂ ಸ್ವಲ್ಪ ಹೊತ್ತು ಹಾಡಿ ಬಾರಿಸಿ ಅಂದ್ರೆ ಎಂಟೂ ಚಾನೆಲ್‌ನ ಗೇನ್ (ಮೈಕಿನ ಸಿಗ್ನಲ್ ಎಷ್ಟು ಏರಿಸಬೇಕು ಅನ್ನೋದು) ಅದೇ ಕೂರಿಸಿಬಿಡುತ್ತೆ. ನಿಮ್ಮ ಹೆಸರು ನೋಡಿದರೆ ಮದ್ದಳೆಗೆ ಕೂರೋರು ನೀವೇ ಅನ್ಸುತ್ತೆ. ಬಾರಿಸ್ತಾ ಬಾರಿಸ್ತಾ ಗೇನ್ ತಿರುಗಿಸೋಕಾಗುತ್ತಾ?

ಉಪ್ಪರಿಗೆ ಮದ್ದಳೆ

ಹೌದು, ಮದ್ದಳೆ ನಾನೇ. ರೆಕಾರ್ಡ್ ಒತ್ತಿ ಬಂದು ಕೂತರೆ ಮತ್ತೆ ಏಳುವುದು ಮಂಗಳ ಹಾಡಿದ ಮೇಲೆಯೇ.

ಧಾರವಾಡ ತಬಲಾ

ಗೇನ್ ಸಲುವಾಗಿ ಅಷ್ಟು ರೊಕ್ಕ ಹಾಕಬ್ಯಾಡ್ರಿ. 24 ಬಿಟ್‌ನಾಗ ಜಾಗ ಬೇಕಾದಷ್ಟು ಅದ. ಲೆಕ್ಕದ ಪ್ರಕಾರ 144 ಡಿಬಿ, ಈಗಿನ ಸಾಧಾರಣ ಡಬ್ಬಿಯೊಳಗೂ 100 ದಾಟಿ ಸಿಗತದ. ಕೂಟದ ಮೊದಲು ಚೆಂಡೆಯವರಿಗೆ ಜೋರಾಗಿ ಒಂದು ಮುಕ್ತಾಯ ಬಾರಸಲಿಕ್ಕೆ ಹೇಳಿ, ಆಗ ಮೀಟರ್ ಮೈನಸ್ 12 ದಾಟದಂಗ ಇಟ್ಟ ಬಿಡ್ರಿ. ಮಾತಿನ ಮೈಕಿಗೆ ಸರಾಸರಿ ಮೈನಸ್ 18ರ ಹತ್ತರ. ಕೆಂಪು ದೀಪ ಹತ್ತೋದಕ್ಕಿಂತ ತುಸು ಕಡಿಮಿ ಬಂದ್ರ ಏನೂ ಹಾಳಾಗಂಗಿಲ್ಲ, ಆಮ್ಯಾಲ ಏರಿಸಬಹುದು. ಒಡೆದ ದನಿ ಮಾತ್ರ ಮತ್ತ ಕೂಡಂಗಿಲ್ಲ.

ಚೆಂಡೆಗೆ ಕಂಡೆನ್ಸರ್ (ಹೆಚ್ಚು ಸೂಕ್ಷ್ಮ ಮೈಕ್) ಇಡಬ್ಯಾಡ್ರಿ. ಎಸ್‌ಎಂ57 ಅಂಥ ಡೈನಮಿಕ್ ಸಾಕು. ಅಷ್ಟು ಜೋರು ದನಿಗೆ ಕೆಲವು ಮೈಕ್ ಪ್ರೀಆಂಪನ್ನ ಗೇನ್ ಸೊನ್ನೆಗಿಟ್ಟರೂ ಕೆಂಪು ಮಾಡ್ತಾವ, ಆಗ ಸಿಗ್ನಲ್ ತಗ್ಗಿಸೋ ಪ್ಯಾಡ್ ಬಟನ್ ಬೇಕಾಗ್ತದ. ಖರೀದಿಗೆ ಮೊದಲ ಪ್ಯಾಡ್ ಅದನೋ ಇಲ್ಲೋ ನೋಡ್ಕೋರಿ.

ಹೆಗ್ಗೋಡು ಹುಡುಗ

ಯಾರೂ ಡಿಜಿಟಲ್ ಮಿಕ್ಸರ್ ಹೆಸರೇ ಎತ್ತಲಿಲ್ವಲ್ಲ. ಬೆಹ್ರಿಂಗರ್ ಎಕ್ಸ್‌ಆರ್18 ನೋಡಿ. 16 ಮೈಕ್ ಪ್ರೀಆಂಪ್, ಯುಎಸ್‌ಬಿಯಲ್ಲಿ 18 ಚಾನೆಲ್ ಹೋಗತ್ತೆ, 18 ಬರತ್ತೆ. ನಾಟಕಕ್ಕೆ ಅದನ್ನೇ ತಗೊಂಡು ಹೋಗಿ ಸೌಂಡ್ ಕೊಡ್ತೀವಿ, ಜೊತೆಗೇ ಲ್ಯಾಪ್‌ಟಾಪ್‌ಗೆ ರೆಕಾರ್ಡೂ ಆಗತ್ತೆ. ಎಡ್ಯಾಟು, ಕ್ಲಾಕು ಅನ್ನೋ ರಗಳೆಯೇ ಇಲ್ಲ.

ರಾತ್ರಿಪಾಳಿ

ಅದಕ್ಕೆ ಗುಂಡಿ ತಿರುಗಿಸಿ ಮಿಕ್ಸ್ ಮಾಡೋ ಮುಖವೇ ಇಲ್ವಲ್ಲ, ಎಲ್ಲಾ ಟ್ಯಾಬ್ಲೆಟ್‌ನಲ್ಲೇ. ಒಳಗಿನ ವೈಫೈ ನಂಬಿ ಕೂತ್ರೆ ಕಷ್ಟ, ಹೊರಗೊಂದು ರೌಟರ್ ಇಟ್ಕೋಬೇಕು. ಜೊತೆಗೆ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ದನಿ ಅಳೆಯುತ್ತೆ ಅನ್ನೋದು) 48 ಕಿಲೋಹರ್ಟ್ಸ್‌ಗಿಂತ ಮೇಲೆ ಹೋಗಲ್ಲ.

ಹೆಗ್ಗೋಡು ಹುಡುಗ

ತಾಳಮದ್ದಳೆಗೆ 96 ಯಾಕೆ ಸ್ವಾಮಿ? ಬಾವಲಿಗೆ ಕೇಳಿಸ್ಬೇಕಾ? ಟ್ಯಾಬ್ಲೆಟ್ ಬೇಡಾಂದ್ರೆ ಲ್ಯಾಪ್‌ಟಾಪ್‌ನಲ್ಲೇ ಎಕ್ಸ್ ಏರ್ ಎಡಿಟ್ ಹಾಕಿ, ನೆಟ್‌ವರ್ಕ್ ತಂತಿ ಚುಚ್ಚಿ ಕೂತ್ಕೋಬಹುದು.

ಸೋಲ್ಡರ್ ಶೆಟ್ಟಿ

96ರ ವಿಷಯದಲ್ಲಿ ಹುಡುಗ ಹೇಳಿದ್ದು ಸರಿ. 48 ಕಿಲೋಹರ್ಟ್ಸ್, 24 ಬಿಟ್ ಅಂದರೆ ಒಂದು ಚಾನೆಲ್‌ಗೆ ನಿಮಿಷಕ್ಕೆ 8.64 ಎಂಬಿ. ಎಂಟು ಚಾನೆಲ್ ಮೂರು ಗಂಟೆಗೆ ಸುಮಾರು 12.4 ಜಿಬಿ. 96 ಇಟ್ಟರೆ ಇದರ ಇಮ್ಮಡಿ, ಅದೂ ಅಲ್ಲದೆ ಎಡ್ಯಾಟ್ ಕಿಂಡಿಯಲ್ಲಿ ಎಂಟು ಬರುವಲ್ಲಿ ನಾಲ್ಕೇ ಬರ್ತದೆ.

ಅಂದ ಹಾಗೆ ಅಂಗಡಿಯಲ್ಲಿ ಇನ್ನೊಂದು ಮಾತು ಹೇಳ್ತಾರೆ, ಯುಎಸ್‌ಬಿ-ಸಿ ಇದ್ದರೆ ವೇಗ ಅಂತ. ಸಿ ಅನ್ನುವುದು ಮೂತಿಯ ಆಕಾರ ಮಾತ್ರ. ಸ್ಕಾರ್ಲೆಟ್ 18ಐ20ರ ಮೂತಿ ಸಿ, ಒಳಗೆ ಓಡುವುದು ಯುಎಸ್‌ಬಿ 2. ಅದು ಸಾಲುವುದಿಲ್ಲವೋ ಅಂದರೆ ಸಾಲ್ತದೆ: 18 ಒಳಗೆ 20 ಹೊರಗೆ ಎಲ್ಲ ಸೇರಿ 48 ಕಿಲೋಹರ್ಟ್ಸ್‌ನಲ್ಲಿ ಸೆಕೆಂಡಿಗೆ ಸುಮಾರು 44 ಮೆಗಾಬಿಟ್, ಯುಎಸ್‌ಬಿ 2ರ ದಾರಿ 480ರದ್ದು. ಹಬ್ ಹಾಕದೆ ನೇರ ಲ್ಯಾಪ್‌ಟಾಪ್‌ಗೆ ಚುಚ್ಚಿ, ಅದು ಮುಖ್ಯ.

ಉಪ್ಪರಿಗೆ ಮದ್ದಳೆ

ಎಕ್ಸ್‌ಆರ್18 ಆಸೆ ಹುಟ್ಟಿಸಿತು. ಆದರೆ ಹೊರಗೆ ದೇವಸ್ಥಾನದಲ್ಲಿ ಕೂಟ ಆದರೆ ಮೈಕ್‌ಸೆಟ್‌ನವರೇ ಬರ್ತಾರೆ, ನಾನು ಸೌಂಡ್ ಕೊಡುವ ಕೆಲಸವಿಲ್ಲ. ಮನೆಯಲ್ಲಿ ಸ್ಪೀಕರೇ ಇಲ್ಲ. ಇನ್ನೊಂದು ಹೆದರಿಕೆ ಕರೆಂಟ್. ನಮ್ಮಲ್ಲಿ ಮಳೆಗಾಲ ಅಂದರೆ ಗೊತ್ತಲ್ಲ. ಕಳೆದ ವರ್ಷ ಸಂಧಾನದ ಪ್ರಸಂಗದಲ್ಲಿ ಕೃಷ್ಣ ಕೌರವನ ಸಭೆಗೆ ಬರುವಷ್ಟರಲ್ಲಿ ಕರೆಂಟ್ ಹೋಗಿ ಇನ್ವರ್ಟರ್ ಹತ್ತಿತು, ಅಲ್ಲಿಂದ ಕೊನೆತನಕ ಟ್ರ್ಯಾಕಿನಲ್ಲಿ ಗುಂಯ್ ಅನ್ನುವ ಸದ್ದು. ಇದಕ್ಕೇನು ಮದ್ದು?

ಸೋಲ್ಡರ್ ಶೆಟ್ಟಿ

ಇನ್ವರ್ಟರ್ ಸ್ಕ್ವೇರ್ ವೇವ್‌ನದ್ದಿರಬೇಕು. ಸೈನ್ ವೇವ್‌ನದ್ದಾದರೆ ಈ ಉಪದ್ರ ಎಷ್ಟೋ ಕಡಿಮೆ. ಮೊದಲು ಒಂದು ಪರೀಕ್ಷೆ: ಲ್ಯಾಪ್‌ಟಾಪ್‌ನ ಚಾರ್ಜರ್ ಎಳೆದು ಬ್ಯಾಟರಿಯಲ್ಲಿ ಓಡಿಸಿ ಕೇಳಿ. ಸದ್ದು ನಿಂತರೆ ಕಳ್ಳ ಚಾರ್ಜರ್ ಮತ್ತು ಅರ್ತಿಂಗ್. ನಿಲ್ಲದಿದ್ದರೆ ಕೇಬಲ್ ನೋಡಿ. ಮೈಕಿನ ಕೇಬಲ್ ಬ್ಯಾಲೆನ್ಸ್ಡ್ (ದಾರಿಯಲ್ಲಿ ಸೇರುವ ಸದ್ದನ್ನು ಕಳೆಯುವ ಜೋಡಿ ತಂತಿ) ಇರ್ತದೆ, ಶ್ರುತಿಪೆಟ್ಟಿಗೆಯಿಂದ ಬರುವ ತಂತಿ ಮಾತ್ರ ಅನ್‌ಬ್ಯಾಲೆನ್ಸ್ಡ್. ಅದನ್ನು ಉದ್ದ ಎಳೆಯದೆ ಹತ್ತಿರದಲ್ಲೇ ಅದನ್ನು ಬ್ಯಾಲೆನ್ಸ್ಡ್ ಮಾಡುವ ಒಂದು ಡಿಐ ಬಾಕ್ಸ್‌ಗೆ ಕೊಟ್ಟು ಅಲ್ಲಿಂದ ಎಕ್ಸ್‌ಎಲ್‌ಆರ್ ಮೈಕ್ ಕೇಬಲ್‌ನಲ್ಲಿ ತನ್ನಿ.

ಎಲ್ಲವನ್ನೂ ಒಂದೇ ಪ್ಲಗ್‌ಬೋರ್ಡಿಗೆ ಹಾಕಿ, ಆ ಬೋರ್ಡಿನ ಅರ್ತ್ ಸರಿ ಉಂಟೋ ಅಂತ ಇಲೆಕ್ಟ್ರಿಶಿಯನ್ ಹತ್ತಿರ ನೋಡಿಸಿ. ಹಮ್ ಹೋಗಲಿಕ್ಕೆ ಮೂರನೆ ಪಿನ್ ಮುರಿಯುವವರಿದ್ದಾರೆ, ಹಾಗೆ ಮಾತ್ರ ಮಾಡಬೇಡಿ, ಮಳೆಗಾಲದಲ್ಲಿ ಒದ್ದೆ ಕೈಯಲ್ಲಿ ಮೈಕ್ ಹಿಡಿಯುವವರು ಮನುಷ್ಯರು. ಸಿಡಿಲು ಶುರುವಾದರೆ ರೆಕಾರ್ಡಿಂಗ್ ಆಸೆ ಬಿಟ್ಟು ಪ್ಲಗ್ ಎಳೆದಿಡಿ, ಯಾವ ಸರ್ಜ್ ಪ್ರೊಟೆಕ್ಟರನ್ನೂ ಆಗ ನಂಬಬೇಡಿ.

ಕಾರ್ಕಳದಿಂದ ಕುವೈತ್

ಕರೆಂಟಿನ ಪ್ರಶ್ನೆಗೆ ಇನ್ನೊಂದು ಉತ್ತರ ಝೂಮ್ ಲೈವ್‌ಟ್ರ್ಯಾಕ್ ಎಲ್-8. ಆರು ಮೈಕ್, ಎಸ್‌ಡಿ ಕಾರ್ಡಿಗೇ 12 ಟ್ರ್ಯಾಕ್, ನಾಲ್ಕು ಎಎ ಸೆಲ್ಲಿನಲ್ಲಿ ಓಡ್ತದೆ. ಪವರ್ ಬ್ಯಾಂಕ್ ಹಾಕಿದರೂ ಆಗ್ತದೆ. ಲ್ಯಾಪ್‌ಟಾಪ್ ಬೇಡ, ಫ್ಯಾನಿನ ಸದ್ದೂ ಇಲ್ಲ. ಎಂಟು ಮೈಕ್ ಬೇಕೇ ಬೇಕು ಅಂತಾದರೆ ಎಲ್-12. ಅದಕ್ಕೆ ಅಡಾಪ್ಟರ್ ಬೇಕು, ಆದರೆ ಹಾಡುವವರಿಗೆ ಐದು ಬೇರೆ ಬೇರೆ ಹೆಡ್‌ಫೋನ್ ಮಿಕ್ಸ್ ಕೊಡ್ತದೆ.

ಬೇಕಾದರೆ ಇಲ್ಲಿಂದ ಬರುವವರ ಹತ್ತಿರ ತರಿಸುವ ಅಂತ ಹೊರಡಬೇಡಿ. ವಾರಂಟಿ ತಗೊಂಡ ದೇಶದ್ದು. ನಾನು ತಂದ ಒಂದು ಡಬ್ಬಿ ಕೆಟ್ಟಾಗ ಊರಿನ ಸರ್ವಿಸ್‌ನವರು ಬಿಲ್ಲು ನೋಡಿ ವಾಪಸ್ ಕೊಟ್ಟರು, ಮುಟ್ಟಲೂ ಇಲ್ಲ.

ಉಪ್ಪರಿಗೆ ಮದ್ದಳೆ

ಕೂಟದಲ್ಲಿ ಹೆಡ್‌ಫೋನ್ ಹಾಕಿ ಯಾರೂ ಕೂರುವುದಿಲ್ಲ. ನಮ್ಮ ಹಿರಿಯ ಭಾಗವತರಿಗೆ ಹಾಕಿಕೊಳ್ಳಿ ಅಂದರೆ ಕೂಟವೇ ಬರ್ಖಾಸ್ತು.

ಧಾರವಾಡ ತಬಲಾ

ಹೆಡ್‌ಫೋನ್ ಬ್ಯಾಡಂದ್ರ ಅರ್ಧ ತಲಿನೋವು ಕಡಿಮಿ ಆತ್ರಿ. ಲೇಟೆನ್ಸಿ ಲೇಟೆನ್ಸಿ ಅಂತ ಜನ ಬಡಕೊಳ್ಳೋದು ಯಾತಕ್ಕ? ತಮ್ಮ ದನಿ ಕಂಪ್ಯೂಟರ್‌ದಾಗ ಹೋಗಿ ಬಂದು ತಮ್ಮ ಕಿವಿಗೆ ತಡವಾಗಿ ಬೀಳ್ತದ ಅಂತ. ನೀವು ಅದನ್ನ ಕೇಳೋದ ಇಲ್ಲ. ಬಫರ್ (ಲ್ಯಾಪ್‌ಟಾಪ್ ಒಂದ ಸಲಕ್ಕ ಕೂಡಿಹಾಕೋ ಸ್ಯಾಂಪಲ್) 512 ಇಟ್ಟು, 1024 ಇಟ್ಟರೂ ಸರಿ, ನಿಶ್ಚಿಂತಿಂದ ರೆಕಾರ್ಡ್ ಮಾಡ್ರಿ, ಲ್ಯಾಪ್‌ಟಾಪ್ ತಡವರಿಸಂಗಿಲ್ಲ. 64ಕ್ಕ ಇಳಿಸಿದ್ರ ಒಂದು ಬಫರಿಗೆ 1.3 ಮಿಲಿಸೆಕೆಂಡ್, ಹೇಳಾಕ ಛಂದ, ಆದ್ರ ಹಳೆ ಲ್ಯಾಪ್‌ಟಾಪ್ ನಡುವ ಟಿಕ್ ಟಿಕ್ ಅಂತದ. ಆರ್‌ಎಂಇ ಅಂಥ ದುಬಾರಿ ಡಬ್ಬಿಗೆ ರೊಕ್ಕ ಕೊಡೋದು ಬಹುಪಾಲು ಆ ಡ್ರೈವರ್ ಸಲುವಾಗಿ. ನಿಮಗ ಅದರ ಗರಜ ಇಲ್ಲ.

ತಂತಿ ಮೀಟು

ಒಂದು ವಿಷಯ ಯಾರೂ ಹೇಳ್ತಿಲ್ಲ, ಹಾಗಾಗಿ ಬರೀತಿದ್ದೀನಿ. ಎಂಟು ಟ್ರ್ಯಾಕ್ ಬಂದ ಕೂಡಲೇ ಎಂಟು ಜನ ಬೇರೆ ಬೇರೆಯಾಗಿ ಸಿಕ್ಕಿಬಿಡ್ತಾರೆ ಅನ್ನೋದು ಭ್ರಮೆ. ಒಂದೇ ಕೋಣೆ, ಒಂದೇ ಜಮಖಾನ. ಚೆಂಡೆ ಎಲ್ಲಾ ಎಂಟು ಮೈಕಿನಲ್ಲೂ ಇರುತ್ತೆ. ತೆರೆದ ಮೈಕುಗಳು ಇಮ್ಮಡಿಯಾದ ಹಾಗೆಲ್ಲ ಕೋಣೆಯ ಗದ್ದಲ 3 ಡಿಬಿ ಏರುತ್ತೆ. ಒಂದರಿಂದ ಎಂಟಕ್ಕೆ ಹೋದರೆ 9 ಡಿಬಿ. ಮಳೆ ಬಿದ್ದ ಹೆಂಚಿನ ಸದ್ದು, ಫ್ಯಾನು, ಯಾರೋ ವೀಳ್ಯದ ತಟ್ಟೆ ಸರಿಸಿದ್ದು, ಎಲ್ಲಾ ಸೇರಿ.

ಅದಕ್ಕೇ ಇಂಟರ್‌ಫೇಸ್‌ಗಿಂತ ಕೂರಿಸೋ ಜಾಗದ ಬಗ್ಗೆ ತಲೆ ಕೆಡಿಸಿಕೊಳ್ಳಿ. ಸೂಪರ್‌ಕಾರ್ಡಿಯಾಯ್ಡ್ (ಎದುರಿನ ದನಿಯನ್ನೇ ಹೆಚ್ಚು ಹಿಡಿಯೋ) ಡೈನಮಿಕ್ ಮೈಕು, ಬಾಯಿಗೆ ಒಂದು ಗೇಣಿಗಿಂತ ಹತ್ತಿರ. ಇಬ್ಬರು ಅರ್ಥಧಾರಿಗಳ ಮೈಕಿನ ನಡುವಿನ ದೂರ, ಬಾಯಿಂದ ಮೈಕಿಗಿರೋ ದೂರದ ಮೂರು ಪಟ್ಟಾದರೂ ಇರಲಿ. ಕಾರ್ಡಿಯಾಯ್ಡ್ ಮೈಕಿಗೆ ತೀರಾ ಕೇಳಿಸದ ದಿಕ್ಕು ನೇರ ಬೆನ್ನಿನ ಕಡೆ, ಸೂಪರ್‌ಕಾರ್ಡಿಯಾಯ್ಡ್‌ಗೆ ಬೆನ್ನಿನಿಂದ ಸ್ವಲ್ಪ ಓರೆಯಲ್ಲಿ. ಭಾಗವತರ ಮೈಕಿನ ಆ ಕಿವುಡು ಮೂಲೆಗೆ ಚೆಂಡೆ ಬರೋ ಹಾಗೆ ಸ್ಟ್ಯಾಂಡ್ ತಿರುಗಿಸಿ. ಒಂದೆರಡು ಇಂಚು ತಿರುಗಿಸಿದ್ದಕ್ಕೇ ಆಗೋ ವ್ಯತ್ಯಾಸ ಹೆಡ್‌ಫೋನಿನಲ್ಲಿ ಕೇಳಿ ನೋಡಿ.

ಎಡಿಟ್ ಮಾಡುವಾಗ ಅರ್ಥದ ಭಾಗದಲ್ಲಿ ಮಾತಾಡ್ತಿರೋರ ಟ್ರ್ಯಾಕ್ ಬಿಟ್ಟು ಉಳಿದವರದ್ದನ್ನು 10–12 ಡಿಬಿ ಇಳಿಸಿ, ಪೂರ್ತಿ ಮ್ಯೂಟ್ ಮಾಡಬೇಡಿ. ಎದುರಾಳಿಯ "ಹೂಂ", ನಡುವಿನ ಒಂದು ನಗು, ಇವೆಲ್ಲ ಉಳೀಬೇಕು. ಪ್ರತಿಯೊಬ್ಬರಿಗೂ ಬೇರೆ ಮೈಕ್ ಇಡೋದರ ನಿಜವಾದ ಲಾಭ ಅಂದ್ರೆ ಇದೇ.

ರಾತ್ರಿಪಾಳಿ

ಇದು ಒಪ್ಪಿದೆ. ಹಾಗಿದ್ರೆ ಇವೊ ಬಿಡಿ, ಯುಎಂಸಿ1820 ತಗೊಂಡು ಉಳಿದ ದುಡ್ಡನ್ನ ಮೈಕು, ಕೇಬಲ್ಲು, ಸ್ಟ್ಯಾಂಡಿಗೆ ಹಾಕಿ. ಎಡ್ಯಾಟ್ ಒಳಗೂ ಇದೆ ಹೊರಗೂ ಇದೆ, ಮುಂದೆ ಬೆಹ್ರಿಂಗರ್‌ದೇ ಎಡಿಎ8200 ಅನ್ನೋ ಪ್ರೀಆಂಪ್ ಡಬ್ಬಿ ಜೋಡಿಸಿದ್ರೆ ಇನ್ನೆಂಟು ಮೈಕ್. ಕೊಳ್ಳೋವಾಗ ಈ "ಒಳಗೂ ಹೊರಗೂ" ನೋಡ್ಕೊಳ್ಳಿ. ಮೂರನೇ ತಲೆಮಾರಿನ ಸ್ಕಾರ್ಲೆಟ್ 18ಐ8 ಥರದವಕ್ಕೆ ಎಡ್ಯಾಟ್ ಇನ್ ಮಾತ್ರ ಇರೋದು, ಅಲ್ಲಿ ಹೊರಗಿನ ಡಬ್ಬಿಯನ್ನೇ ಗಡಿಯಾರದ ಯಜಮಾನ ಮಾಡ್ಬೇಕಾಗುತ್ತೆ.

ಹಳೆ ಸಾಮಾನು

ಸೆಕೆಂಡ್ ಹ್ಯಾಂಡ್ ನೋಡೋರಿಗೆ ಒಂದು ಎಚ್ಚರಿಕೆ. ಫೋಕಸ್‌ರೈಟ್ ಸಫೈರ್ ಪ್ರೊ 40 ತುಂಬಾ ಅಗ್ಗಕ್ಕೆ ಸಿಗುತ್ತೆ, ಎಂಟು ಪ್ರೀಆಂಪ್, ಧ್ವನಿಗೆ ಹೆಸರಿಡೋ ಹಾಗಿಲ್ಲ. ಆದ್ರೆ ಅದು ಫೈರ್‌ವೈರ್ ಅನ್ನೋ ಹಳೆ ಥರದ ಪೋರ್ಟಿನದ್ದು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಆ ಪೋರ್ಟೇ ಇಲ್ಲ. ಮಾರೋರು "ಅಡಾಪ್ಟರ್ ಹಾಕ್ಕೊಳ್ಳಿ ಸಾರ್" ಅಂತಾರೆ, ಯುಎಸ್‌ಬಿಯಿಂದ ಫೈರ್‌ವೈರ್‌ಗೆ ಅಡಾಪ್ಟರ್ ಅನ್ನೋದು ಕೆಲಸ ಮಾಡಲ್ಲ. ಹಳೆ ಡೆಸ್ಕ್‌ಟಾಪ್‌ಗೆ ಫೈರ್‌ವೈರ್ ಕಾರ್ಡ್ ಇದ್ರೆ ಮಾತ್ರ ಸರಿ.

ಉಪ್ಪರಿಗೆ ಮದ್ದಳೆ

ಎಲ್ಲರಿಗೂ ಉಪಕಾರ. ಯುಎಂಸಿ1820 ತಗೊಂಡೆ. ಉಳಿದ ದುಡ್ಡಿಗೆ ಅರ್ಥಧಾರಿಗಳಿಗೆ ಸೂಪರ್‌ಕಾರ್ಡಿಯಾಯ್ಡ್ ಮೈಕ್ ಮೂರು, ಮೊದಲಿನದ್ದೊಂದು ಇತ್ತು. ಕೇಬಲ್ ಬೆಂಗಳೂರಿನ ಎಸ್‌ಪಿ ರೋಡಿನಿಂದ ಗಜದ ಲೆಕ್ಕದಲ್ಲಿ ತರಿಸಿ ನಾನೇ ಬೆಸೆದೆ: ಒಂದನೆ ಪಿನ್ ಶೀಲ್ಡ್, ಎರಡನೆಯದು ಹಾಟ್, ಮೂರನೆಯದು ಕೋಲ್ಡ್. ಮದ್ದಳೆಗೆ ಸದ್ಯ ಒಂದೇ ಮೈಕ್ ಮಾಡಿ ಉಳಿದ ಚಾನೆಲ್ಲನ್ನು ಶ್ರುತಿಪೆಟ್ಟಿಗೆಗೆ ಕೊಟ್ಟೆ. ಮೊನ್ನೆಯ ಕೂಟದಲ್ಲಿ ಅರ್ಥ ಸ್ಪಷ್ಟ, ಒಬ್ಬೊಬ್ಬರ ಉಸಿರೂ ಕೇಳ್ತದೆ. ಚೆಂಡೆ ಮಾತ್ರ ತಂತಿ ಮೀಟು ಅವರು ಹೇಳಿದ ಹಾಗೆ ಎಲ್ಲ ಕಡೆಯೂ ಉಂಟು, ಚೆಂಡೆಯವರನ್ನು ಬಾಗಿಲ ಹತ್ತಿರಕ್ಕೆ ಸರಿಸಿದ್ದರಿಂದ ಪರವಾಗಿಲ್ಲ.

ಈಗ ಹೊಸ ಪ್ರಶ್ನೆ. ಮದ್ದಳೆಯ ಎರಡೂ ಮುಚ್ಚಿಗೆಗೆ ಮೈಕ್ ಇಡುವ ಅಂತ ಸ್ನೇಹಿತರ ಎಡಿಎ8200 ತಂದೆ. ಆಪ್ಟಿಕಲ್ ಕೇಬಲ್ ಹಾಕಿದ್ದೇನೆ, ರೀಪರ್‌ನಲ್ಲಿ ಒಂದರಲ್ಲೂ ಸಿಗ್ನಲ್ ಇಲ್ಲ. ಒಮ್ಮೆ ಬಂದಾಗ ಚಟಪಟ ಸದ್ದು.

ಸೋಲ್ಡರ್ ಶೆಟ್ಟಿ

ಚಟಪಟ ಅಂದರೆ ಗಡಿಯಾರ. ಎರಡು ಆಪ್ಟಿಕಲ್ ಕೇಬಲ್ ಬೇಕು: 8200ರ ಔಟ್‌ನಿಂದ 1820ರ ಇನ್‌ಗೆ ಒಂದು, 1820ರ ಔಟ್‌ನಿಂದ 8200ರ ಇನ್‌ಗೆ ಇನ್ನೊಂದು. 8200ರ ಹಿಂದೆ ಸಿಂಕ್ ಸ್ವಿಚ್ ಉಂಟು, ಅದನ್ನು ಎಡ್ಯಾಟ್ ಇನ್‌ಗೆ ಇಡಿ. 1820 ಇಂಟರ್ನಲ್ ಕ್ಲಾಕ್‌ನಲ್ಲೇ ಇರಲಿ, ರೀಪರ್ 48ರಲ್ಲಿ. 1820ರ ಆಪ್ಟಿಕಲ್ ಕಿಂಡಿ ಎಸ್‌ಪಿಡಿಐಎಫ್‌ಗೆ ಹೊರಳಿದೆಯೋ ಅಂತಲೂ ನೋಡಿ.

ಸಿಗ್ನಲ್ಲೇ ಇಲ್ಲದ್ದಕ್ಕೆ ಬಹುಶಃ ಕಾರಣ ಬೇರೆ. ಹೊಸ ಕೇಬಲ್‌ನ ಎರಡೂ ತುದಿಗೆ ಸಣ್ಣ ಪಾರದರ್ಶಕ ಪ್ಲಾಸ್ಟಿಕ್ ಟೋಪಿ ಇರ್ತದೆ, ಕಣ್ಣಿಗೆ ಬೀಳುವುದಿಲ್ಲ. ಅದು ತೆಗೆದಿದ್ದೀರಾ?

ಉಪ್ಪರಿಗೆ ಮದ್ದಳೆ

ಒಂದು ತುದಿಯದ್ದು ಇತ್ತು ಮಾರಾಯ್ರೆ. ಈಗ ಎಂಟೂ ಬರ್ತಾ ಉಂಟು. ಎರಡನೆ ಕೇಬಲ್ ನಾಳೆ ತರ್ತೇನೆ.